ನಾಲಿಗೆ ಕೆಳಗಿನ ಮೂರನೇ ಮಾತ್ರೆ

“ಒಟ್ಟು ಎಷ್ಟು ಮಾತ್ರೆ ಕೊಟ್ರಿ?”

ಆಂಬುಲೆನ್ಸಿನಿಂದ ಇಳಿದು ಬಂದ ಪ್ಯಾರಾಮೆಡಿಕ್ ಕೇಳಿದ್ದು ಇಷ್ಟೇ. ಪೂರ್ತಿ ಅಲ್ಲದಿದ್ದರೂ ನನ್ನ ಪಾಲಿನ ಉತ್ತರ ನನಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ನಡೆದದ್ದನ್ನು ಹೇಳಿಬಿಡುತ್ತೇನೆ. ಲಕ್ಷ್ಮೀಪುರಂನ ನಮ್ಮ ಪಾರ್ಕಿಗೆ ಬೆಳಗಿನ ವಾಕಿಂಗಿಗೆ ಬರುವ ನಾವೆಲ್ಲ ಐವತ್ತು ದಾಟಿದವರು. ಮನೆ ಬೀಗದ ಕೈ ಜೊತೆಗೆ, ಎದೆನೋವು ಬಂದರೆ ನಾಲಿಗೆ ಕೆಳಗಿಡುವ ಪುಟ್ಟ ಮಾತ್ರೆಯೂ ನಮ್ಮ ಹತ್ತಿರ ಇರುತ್ತದೆ. (ನನ್ನ ಪರ್ಸಿನಲ್ಲಿರುವುದು ಯಜಮಾನರದ್ದು. ಅವರು ವಾಕಿಂಗಿಗೆ ಬರುವುದಿಲ್ಲ, ಅವರ ಮಾತ್ರೆ ಬರುತ್ತದೆ.)

ಕಳೆದ ಮಂಗಳವಾರ ಮೂರನೇ ರೌಂಡಿನಲ್ಲಿದ್ದೆ. ಬೆಂಚಿನ ಮೇಲೆ ಶಿವಣ್ಣ ಎದೆ ಒತ್ತಿ ಹಿಡಿದು ಕೂತಿದ್ದರು. ದೇವರಾಜ ಮೊಹಲ್ಲಾದಲ್ಲಿ ಗುಂಡಿ, ದಾರ, ಲೇಸು ಮಾರುವ ಶಿವಣ್ಣ, ಪಾರ್ಕಿನಲ್ಲಿ ಎಲ್ಲರನ್ನೂ ರೇಗಿಸುವ ಮನುಷ್ಯ. ಅವತ್ತು ಮಾತೇ ಇಲ್ಲ. ಮುಖದ ತುಂಬ ಬೆವರು. ನಮ್ಮ ವಾಕಿಂಗ್ ಗುಂಪಿನ ರಾಯರು ಗೇಟಿನ ಹತ್ತಿರ ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದರು. ಇನ್ನೊಬ್ಬ ಜೊತೆಗಾರ ಪುಟ್ಟಸ್ವಾಮಿ ನೀರು ತರಲು ಓಡಿದ್ದರು.

“ಬಾಯಿ ತೆಗೀರಿ ಶಿವಣ್ಣ” ಅಂದೆ. ತೀರ್ಥ ತಗೊಳ್ಳುವವರ ಹಾಗೆ ತೆರೆದರು. ಮಾತ್ರೆ ಇಟ್ಟೆ. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಜೀವ ಉಳಿಸಿಬಿಟ್ಟೆ ಅನ್ನುವ ಹೆಮ್ಮೆ ಬೇರೆ!

ಪ್ಯಾರಾಮೆಡಿಕ್ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಬಿ.ಪಿ. ನೋಡಿದರು. ನೂರಿಪ್ಪತ್ತರ ಹತ್ತಿರ ಇರಬೇಕಾದ ಮೇಲಿನ ಅಂಕಿ ಎಪ್ಪತ್ತೆಂಟು. ತಕ್ಷಣ ಶಿವಣ್ಣನನ್ನು ಮಲಗಿಸಿ ಕಾಲು ಎತ್ತರಕ್ಕಿಟ್ಟರು.

“ನಾಲಿಗೆ ಕೆಳಗೆ ಏನಾದ್ರೂ ಇಟ್ರಾ?”

“ಒಂದು ಮಾತ್ರೆ. ನಾನೇ ಇಟ್ಟೆ, ಕರೆಕ್ಟಾಗಿ ಆರೂ ಐವತ್ತಕ್ಕೆ” ಎಂದರು ರಾಯರು. (ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್. ಟೈಮು ತಪ್ಪುವವರಲ್ಲ.)

ಅಯ್ಯೋ, ಇವರೂ ಇಟ್ಟಿದ್ದಾರಾ?

“ಒಂದಕ್ಕೇ ಇಷ್ಟು ಇಳೀತಾ?” ಆಕೆ ಫೋನಿನಲ್ಲಿ ಡಾಕ್ಟರನ್ನು ಹಿಡಿದರು. “ಸರ್, ಸಲೈನ್ ಜೋರಾಗಿ ಬಿಡ್ಲಾ, ಬೇಡ್ವಾ?” ನಮ್ಮ ಕಡೆ ತಿರುಗಿದರು. “ನೋಡಿ, ಈ ಮಾತ್ರೆ ಜಾಸ್ತಿ ಆಗಿ ಬಿ.ಪಿ. ಬಿದ್ದಿದ್ರೆ ಸಲೈನ್ ಕೊಡ್ಬೋದು. ಹಾರ್ಟೇ ಸೋತು ಬಿದ್ದಿದ್ರೆ ಅದೇ ಸಲೈನ್ ಉಸಿರು ಕಟ್ಟಿಸುತ್ತೆ. ನಿಜ ಹೇಳಿ. ಒಟ್ಟು ಎಷ್ಟು ಮಾತ್ರೆ ಕೊಟ್ರಿ?”

ನಾನು ಪರ್ಸಿನ ಜಿಪ್ ಎಳೆದು ಮುಚ್ಚಿದೆ.

ನಾನೇಕೆ ಸುಮ್ಮನಿದ್ದೆ? ಹೋದ ತಿಂಗಳು ಇದೇ ಅಂಕಣದಲ್ಲಿ, ಕಂಡವರಿಗೆಲ್ಲ ಮಾತ್ರೆ ಹಂಚುವ ‘ಪಾರ್ಕ್ ಡಾಕ್ಟರು’ಗಳನ್ನು ತರಾಟೆಗೆ ತೆಗೆದುಕೊಂಡಿದ್ದೆ. (ಮೆಚ್ಚಿ ಪತ್ರ ಬರೆದವರು ಕ್ಷಮಿಸಿ.) ರಾಯರು ಅದನ್ನು ಕತ್ತರಿಸಿ ಪಾರ್ಕಿನ ಬೋರ್ಡಿಗೆ ಅಂಟಿಸಿದ್ದರು. ಆ ಬೋರ್ಡು ಬೆಂಚಿನ ಹಿಂದೆಯೇ ಇತ್ತು. ಎದುರಿಗೆ ಮನುಷ್ಯನ ತುಟಿ ಬಿಳಿಚಿಕೊಳ್ಳುತ್ತಿದೆ, ನನಗೆ ನನ್ನ ಮರ್ಯಾದೆಯ ಚಿಂತೆ. ಥೂ!

“ನಾನೂ ಒಂದು ಇಟ್ಟೆ” ಎಂದೆ. ಆಕೆಗೆ ಕೇಳಿಸಲಿಲ್ಲ, ಎರಡು ಸಲ ಹೇಳಬೇಕಾಯಿತು.

ನೀರಿನ ಬಾಟಲಿ ಹಿಡಿದು ನಿಂತಿದ್ದ ಪುಟ್ಟಸ್ವಾಮಿ ಆಗ ಬಾಯಿಬಿಟ್ಟರು. ಮೇಟಗಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಮೂವತ್ತು ವರ್ಷ ಗದರಿಕೊಂಡು ಕೆಲಸ ತೆಗೆದವರ ದನಿ ಸಣ್ಣಗಾಗಿತ್ತು. “ನಾನೂ ಒಂದು ಮಡಗ್ಬುಟ್ಟೆ ಕಣವ್ವ. ನೀರು ತರಕ್ಕೋಗೋ ಮುಂಚೆ.”

“ಮೂರು ಸರ್, ಮೂರು ಹೋಗಿದೆ!” ಎಂದರು ಪ್ಯಾರಾಮೆಡಿಕ್ ಫೋನಿಗೆ.

ಆಕೆ ಬೈಯಲಿಲ್ಲ, ಅದಕ್ಕೆ ಪುರುಸೊತ್ತಿರಲಿಲ್ಲ. ಡಾಕ್ಟರು ಹೇಳಿದ ಹಾಗೆ ಸಲೈನ್ ಬಿಟ್ಟರು. ನಾವು ಮೂವರೂ ಮಿಷಿನ್ನನ್ನೇ ನೋಡುತ್ತ ನಿಂತೆವು. ಎಂಬತ್ತು. ಎಂಬತ್ತಾರು. ತೊಂಬತ್ತೆರಡು. ಆಮೇಲೆ ಆಸ್ಪಿರಿನ್ ಅಗಿಸಿ ಆಸ್ಪತ್ರೆಗೆ ಕರೆದೊಯ್ದರು.

ಶುಕ್ರವಾರ ನೋಡಲು ಹೋದೆ. ಶಿವಣ್ಣನಿಗೆ ಸ್ಟೆಂಟ್ ಹಾಕಿದ್ದಾರೆ. ಬಾಯಿ ಮೊದಲಿನಂತಾಗಿದೆ.

“ಮೂರನೇದು ಇಡೋವಾಗ ಸಾಕು ಅನ್ನಬಾರದಿತ್ತಾ?” ಎಂದೆ.

“ಅಷ್ಟು ಪ್ರೀತಿಯಿಂದ ಕೊಡ್ತೀರ, ಎಂಗಮ್ಮ ಬ್ಯಾಡ ಅನ್ನೋದು?”

ಇಬ್ಬರೂ ನಕ್ಕೆವು. ಅವರ ನಗು ಬೇಗ ನಿಂತಿತು.

“ಕಣ್ಣು ಮುಚ್ಚಿದ್ದೆ, ಕಿವಿ ಕೇಳ್ತಿತ್ತು ಕಣಮ್ಮ. ಮೂರು ಅಂತ ನಾನೇ ಏಳಾಣ ಅಂದ್ರೆ ನಾಲಿಗೆ ಹೊರಳ್ಳಿಲ್ಲ. ಇಡಕ್ಕೆ ನಿಮ್ಗೆ ಒಂದು ಸೆಕೆಂಡೂ ಬೇಕಾಗ್ಲಿಲ್ಲ. ಇಟ್ಟೆ ಅನ್ನಕ್ಕೆ ಯಾಕಮ್ಮ ಅಷ್ಟೊತ್ತು?”