ಬಿಸಿಗಾಗದ ಮದ್ದಿನ ತಂಪಣ್ಣ

ಆಪರೇಷನ್ ಥಿಯೇಟರಿನ ಫ್ರಿಜ್ ಕಾಯುವ ನನ್ನ ಭಾವಮೈದುನನಿಗೆ ಆಸ್ಪತ್ರೆಯವರಿಟ್ಟ ಹೆಸರು ತಂಪಣ್ಣ. ಅವನು ಅದರ ಬಾಗಿಲು ತೆರೆದು ಮುಚ್ಚುವ ವೇಗಕ್ಕೆ ಒಳಗಿನ ದೀಪ ಹೊತ್ತಿಕೊಳ್ಳಲೋ ಬೇಡವೋ ಎಂದು ಗೊಂದಲಕ್ಕೆ ಬೀಳುತ್ತಿತ್ತು. ಮನೆಯಲ್ಲಿ ಯಾರಾದರೂ ಫ್ರಿಜ್ಜಿನ ಬಾಗಿಲು ಹಿಡಿದು ಯೋಚಿಸುತ್ತ ನಿಂತರೆ ಇವನಿಗೆ ಜ್ವರ ಬರುತ್ತಿತ್ತು.

"ಆ ಸೀಸೆಗಳ ಹಾಗೆ ನನ್ನನ್ನ ಜೋಪಾನ ಮಾಡಿದ್ರೆ ನಾನಿನ್ನೂ ಲಂಗ ಹಾಕೊಂಡು ಓಡಾಡ್ತಿದ್ದೆ" ಎಂದು ಅವನ ಹೆಂಡತಿ ಚುಚ್ಚುತ್ತಿದ್ದಳು.

ಸೀಸೆಗಳೆಂದರೆ, ಅರಿವಳಿಕೆ ಕೊಟ್ಟಾಗ ರೋಗಿಯ ಸ್ನಾಯು ಸಡಿಲಿಸುವ ಇಂಜೆಕ್ಷನ್ನು. ಪುಡಿಯ ರೂಪದ್ದೊಂದು ಕಪಾಟಿನಲ್ಲೇ ಕಲ್ಲಿನಂತೆ ಕೂತಿರುತ್ತದೆ. ಇನ್ನೊಂದು ಮಹಾ ನಾಜೂಕಿನದು. ತಂಪು ತಪ್ಪಿದರೆ ದಿನದಿನಕ್ಕೆ ಶಕ್ತಿ ಕಳೆದುಕೊಳ್ಳುತ್ತದೆ. ಅದಕ್ಕೇಕೆ ಇಷ್ಟು ಬಿಂಕ ಎಂಬ ಹುಳ ತಂಪಣ್ಣನ ತಲೆ ಕೊರೆಯುತ್ತಲೇ ಇತ್ತು.

ಒಂದು ಬೆಳಿಗ್ಗೆ ಫ್ರಿಜ್ ಕೆಟ್ಟಿತು. ತಂಪಣ್ಣ ಎದೆ ಹೊಡೆದುಕೊಂಡು, ಆಗಷ್ಟೇ ಪಕ್ಕದ ಕೋಣೆಯ ಫ್ರೀಜರಿನಿಂದ ತೆಗೆದ ಐಸ್ ಪ್ಯಾಕುಗಳ ನಡುವೆ ಸೀಸೆಗಳನ್ನು ಹೂತಿಟ್ಟ. ನಡುವೆ ಒಂದು ಬಟ್ಟೆಯನ್ನೂ ಇಡಲಿಲ್ಲ. ಅತಿಪ್ರೀತಿ! ತೆಗೆದು ನೋಡಿದರೆ ಮದ್ದು ಹರಳುಗಟ್ಟಿತ್ತು. ಅಂಗೈಯಲ್ಲಿ ಹಿಡಿಯುತ್ತಲೇ ಕರಗಿ ಮೊದಲಿನಂತೆ ತಿಳಿಯಾಯಿತು. ನೋಡಿದವರಿಗೆ ಏನೂ ತಿಳಿಯುವಂತಿರಲಿಲ್ಲ.

ಬಟ್ಟೆ ಹೊಲಿದು ಬದುಕುವ ಹೆಂಗಸೊಬ್ಬಳಿಗೆ ಅಂದೇ ಕರುಳಿನ ಆಪರೇಷನ್ ಆಗಬೇಕಿತ್ತು. ಅವಳ ಕಿಡ್ನಿ ಕೆಟ್ಟಿದ್ದರಿಂದ ಅರಿವಳಿಕೆ ಕೊಡುವ ಡಾಕ್ಟರಮ್ಮನಿಗೆ ಆ ನಾಜೂಕಿನ ಮದ್ದೇ ಬೇಕಿತ್ತು.

"ಡಾಕ್ಟ್ರಮ್ಮಾ, ನಾನೇ ಈ ಸೀಸೆಗಳನ್ನ ಹೆಪ್ಪುಗಟ್ಟಿಸಿಬಿಟ್ಟೆ."

"ಅಯ್ಯೋ ತಂಪಣ್ಣ! ಹೆಪ್ಪುಗಟ್ಟಿದ್ದನ್ನ ನಂಬೋಕಾಗಲ್ಲ, ಎಸೀರಿ. ಪಕ್ಕದ ಆಸ್ಪತ್ರೆಗೆ ಫೋನ್ ಮಾಡ್ತೀನಿ, ಓಡಿ."

ಓಡಿದ. ಅವನು ವಾಪಸು ಬಂದಾಗ ಅವನ ನೆರಳು ಇನ್ನೂ ರಸ್ತೆ ದಾಟುತ್ತಿತ್ತಂತೆ. ಹೊಸ ಸೀಸೆಗಳಿದ್ದ ತಂಪುಡಬ್ಬಿಯನ್ನು ಮಗುವಿನ ಹಾಗೆ ಎದೆಗವಚಿಕೊಂಡಿದ್ದ.

"ಅಪ್ಪಿಕೊಂಡು ಬಂದ್ರಾ? ಮೈಬಿಸಿನೇ ಅದಕ್ಕೆ ಯಮ ಕಣ್ರೀ!"

"ಹಾಗಂದ್ರೆ?"

"ಒಳಗೆ ಹೋದ ಮೇಲೆ ಮೈಬಿಸಿಗೇ ತಾನಾಗಿ ಮುರಿದು ಕೆಟ್ಟುಹೋಗ್ಲಿ ಅಂತ ಮಾಡಿರೋ ಮದ್ದು ಇದು. ಕಿಡ್ನಿಯ ಹಂಗು ಬೇಡ. ಅದೇ ಗುಣಕ್ಕೆ ಹೊರಗಿಟ್ರೂ ಮೆಲ್ಲಗೆ ಮುರೀತಾ ಹೋಗುತ್ತೆ."

ತಂಪಣ್ಣನ ಬಾಯಿ ಎಷ್ಟು ದೊಡ್ಡದಾಗಿ ತೆರೆಯಿತೆಂದರೆ, ಫ್ರಿಜ್ಜನ್ನೇ ಅದರೊಳಗೆ ಇಡಬಹುದಿತ್ತು.

ಆಪರೇಷನ್ ಮುಗಿಯಿತು. ಡಾಕ್ಟರಮ್ಮ ಹೊಲಿಗೆಯವಳ ಕೈಯನ್ನು ಅವನ ಕೈಗಿಟ್ಟು, "ಹಿಡಿದಿರಿ, ಹಿಡಿತ ಬಂದಾಗ ಹೇಳಿ" ಎಂದರು. ಬೆರಳುಗಳು ಒದ್ದೆ ನೂಲಿನಂತೆ ಜೋತುಬಿದ್ದಿದ್ದವು. ಒಂದು ಬೆರಳು ಅಲುಗಿತು. ಆಮೇಲೆ ಇನ್ನೊಂದು. ಕೊನೆಗೆ ಕತ್ತರಿ ಹಿಡಿದು ಪಳಗಿದ ಐದೂ ಬೆರಳು ಅವನ ಕೈಯನ್ನು ಹಿಂಡಿಬಿಟ್ಟವು.

"ಕೆಟ್ಟೋಯ್ತು ಡಾಕ್ಟ್ರಮ್ಮಾ! ಪೂರ್ತಿ ಕೆಟ್ಟೋಯ್ತು!" ಎಂದು ತಂಪಣ್ಣ ಸಂತೋಷದಿಂದ ಕೂಗಿದ.

ಗಂಟಲಿನ ಕೊಳವೆ ತೆಗೆದದ್ದೇ ಹೊಲಿಗೆಯವಳು ಕಣ್ಣರಳಿಸಿ ಕೇಳಿದಳು: "ಏನ್ರೀ ಕೆಟ್ಟಿದ್ದು? ನನ್ ಕರುಳಾ?"