ಗಾಳಿ ಮೇಷ್ಟ್ರ ಷರಾ

ಸೊಸೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ಆ ತೆಳು ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಓದುತ್ತಿದ್ದ ಪತ್ರಿಕೆ ಕೈಯಲ್ಲೇ ನಿಂತಿತು. ಅದರಲ್ಲಿದ್ದದ್ದೂ ಗಾಳಿಯ ವಿಷಯವೇ: ದಶಕಗಳಿಂದ ಕಡಲಿನ ಅಲೆಗಳು ಎತ್ತರವಾಗುತ್ತಿವೆ, ಒಳನಾಡಿನಲ್ಲಿ ಗಾಳಿಯ ವೇಗ ಕುಗ್ಗುತ್ತಿದೆ ಎಂದು. ಕಡಲನ್ನು ನಾನು ಕಂಡವನಲ್ಲ. ಅದರ ತಂಟೆಗೆ ಹೋಗುವುದಿಲ್ಲ. ನಮ್ಮ ಸೀಮೆಯ ಗಾಳಿಯ ಲೆಕ್ಕವನ್ನು ಹೇಗೆ ಬರೆದರೆಂಬುದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ.

ಅರವತ್ತರ ದಶಕದ ಮಾತು. ಹೊಳೆನರಸೀಪುರದ ಒಂದು ಕಚೇರಿಯ ಆವರಣದಲ್ಲಿ, ಕಂಬದ ತುದಿಯಲ್ಲಿ ಬಟ್ಟಲುಗಳು ತಿರುಗುವ ಗಾಳಿಯಂತ್ರವಿತ್ತು. ದಿನಕ್ಕೆರಡು ಸಲ ಅದರ ಅಂಕಿ ನೋಡಿ ಪುಸ್ತಕಕ್ಕೆ ಬರೆಯುವ ಹೆಚ್ಚುವರಿ ಕೆಲಸ ಶಾಲೆಯ ಮೇಷ್ಟ್ರೊಬ್ಬರದು. ಊರೆಲ್ಲ ಅವರನ್ನು ಗಾಳಿ ಮೇಷ್ಟ್ರು ಎನ್ನುತ್ತಿತ್ತು. ಬಟ್ಟಲು ಬಿಗಿಯದಿರಲೆಂದು ಜೇಬಿನಲ್ಲಿ ಸದಾ ಹೊಲಿಗೆ ಯಂತ್ರದ ಎಣ್ಣೆಯ ಪುಟ್ಟ ಡಬ್ಬಿ. ಅಂಗಿಗೆಲ್ಲ ಅದೇ ವಾಸನೆ...

ಅದೇ ಆವರಣದಲ್ಲಿ, ವನಮಹೋತ್ಸವದ ದಿನ ದೊಡ್ಡವರೊಬ್ಬರು ನೆಟ್ಟ ನೀಲಗಿರಿ ಸಸಿ ಕೆಲವೇ ವರ್ಷಗಳಲ್ಲಿ ಕಂಬವನ್ನು ಮೀರಿ ಬೆಳೆಯಿತು. ಯಂತ್ರದ ಅಂಕಿ ವರ್ಷದಿಂದ ವರ್ಷಕ್ಕೆ ಇಳಿಯಿತು. ಇಳಿದದ್ದು ಗಾಳಿಯೋ, ಅಂಕಿಯೋ? ತಿಳಿಯಲೆಂದು ಮೇಷ್ಟ್ರು ಸೈಕಲ್ ತುಳಿದುಕೊಂಡು ಹಳೇಕೋಟೆಯ ಬಯಲಿನಲ್ಲಿದ್ದ ನಮ್ಮ ಕಣಕ್ಕೆ ಬಂದರು. ಅಲ್ಲಿ ಅಪ್ಪ ಪ್ರತಿ ಸುಗ್ಗಿಯಲ್ಲೂ ಅದೇ ಮಣೆಯ ಮೇಲೆ ನಿಂತು ರಾಗಿ ತೂರುತ್ತಿದ್ದ. ಮೊದಲು ಒಂದು ಹಿಡಿ ಹೊಟ್ಟು ಗಾಳಿಗೆ ಬಿಡಬೇಕು. ಅದು ಆಚೆಯ ಚಪ್ಪಡಿ ಕಲ್ಲನ್ನು ಮುಟ್ಟುವ ತನಕ ಮೊರ ಎತ್ತಬಾರದು. ಇದು ನಮ್ಮ ಮನೆಯ ಕಟ್ಟಳೆ. ಈಚೆಗೆ ಗಾಳಿಗಾಗಿ ಹೆಚ್ಚು ಹೊತ್ತು ಕಾಯಬೇಕಾಗಿದೆಯೇ ಎಂದು ಮೇಷ್ಟ್ರು ಕೇಳಿದರು.

"ಕಾಯೋದಾ? ಉಣ್ಣಾಕೂ ಪುರುಸೊತ್ತು ಕೊಡಾಕಿಲ್ಲ ಈ ಗಾಳಿ," ಎಂದು ಅಪ್ಪ ನಕ್ಕ. "ಗಾಳಿ ಎಲ್ಲೂ ಓಗಿಲ್ಲ ಕಣ್ ಸಾ. ನಿಮ್ ಬಟ್ಲುಗಳೇ ಮರದ ಸೆರಗಿಗೆ ಸೇರ್ಕಂಡವೆ."

ಎರಡು ಸುಗ್ಗಿ ಬಂದು ನೋಡಿದ ಮೇಲೆ ಮೇಷ್ಟ್ರು ಪುಸ್ತಕದ ಷರಾ ಕಾಲಮಿನಲ್ಲಿ ಬರೆದರು: 'ಮರ ಅಡ್ಡವಿದೆ. ಬಯಲಿನಲ್ಲಿ ಗಾಳಿ ಕುಗ್ಗಿಲ್ಲ.'

ತನಿಖೆಗೆ ಬಂದ ಅಧಿಕಾರಿ ಅದನ್ನು ಓದಿ ಕೆಂಡವಾದ. ಕಣದಲ್ಲಿ ಹೊಟ್ಟು ಹಾರುವುದರ ಸಾಕ್ಷಿ ಹೇಳಲೆಂದು, ಅಪ್ಪನ ಜೊತೆ ರಾಗಿ ತೂರುತ್ತಿದ್ದ ನನ್ನನ್ನು ಮೇಷ್ಟ್ರು ಕರೆಸಿದ್ದರು. ಆಗ ನನಗೆ ಇಪ್ಪತ್ತೆರಡು.

"ದೊಡ್ಡೋರು ನೆಟ್ಟ ಮರದ ಮೇಲೆ ದೂರು ಬರೀತೀರೇನ್ರೀ ಮೇಷ್ಟ್ರೇ?" ಎಂದ ಅಧಿಕಾರಿ, ನನ್ನತ್ತ ತಿರುಗಿದ. "ನೀನೇನಯ್ಯಾ, ಎಷ್ಟು ಓದಿದ್ದೀಯ?"

"ನಾಕ್ನೇ ಕ್ಲಾಸು, ಸಾ."

"ಸರಿಹೋಯ್ತು! ಹೊಟ್ಟಿನ ಇಂಜಿನಿಯರು!"

ಕಚೇರಿಯವರೆಲ್ಲ ನಕ್ಕರು. ನಾನು ಸಾಕ್ಷಿ ಹೇಳದೆಯೇ ಬಾಗಿಲ ಕಡೆ ಸರಿದೆ. ಅಧಿಕಾರಿ ಆ ಪುಟವನ್ನು ಹರಿದು ಹಾಕಿದ; ಷರಾ ಇಲ್ಲದೆ ಹೊಸದಾಗಿ ಬರೆದು ಸಹಿ ಹಾಕಿರೆಂದು ಮೇಷ್ಟ್ರಿಗೆ ಹೇಳಿದ. "ಷರಾ ಇಲ್ಲದ ಅಂಕಿ ಸುಳ್ಳು, ಸ್ವಾಮಿ," ಎಂದರು ಮೇಷ್ಟ್ರು. ಸಹಿ ಹಾಕಲಿಲ್ಲ. ಬೇರೆಯವರು ಹಾಕಿದರು. ತಿಂಗಳೊಳಗೆ ಮೇಷ್ಟ್ರಿಗೆ ಅರಕಲಗೂಡಿನ ಆಚೆಯ ಹಳ್ಳಿಗೆ ವರ್ಗವಾಯಿತು. ಎಣ್ಣೆ ಡಬ್ಬಿಯನ್ನು ಅಂಕಿ ಬರೆಯಲು ಬಂದ ಹೊಸಬನ ಕೈಗಿತ್ತು ಹೊರಟರು.

ಆ ನಗುವಿನ ಉರಿಗೇ ನಾನು ಓದಲು ಹಿಡಿದದ್ದು. ಸಿಕ್ಕಿದ್ದನ್ನೆಲ್ಲ ಓದಿದೆ. ಗಾಳಿ ನಿಜಕ್ಕೂ ಕುಗ್ಗಿರಬಹುದು, ನಾನು ಅಲ್ಲವೆನ್ನುವುದಿಲ್ಲ. ಆದರೆ ಹಳೆಯ ಅಂಕಿಗಳನ್ನು ಸಾಲಾಗಿ ಜೋಡಿಸುವವರು, ಯಾವ ಕಂಬದ ಪಕ್ಕ ಯಾವ ಮರವಿತ್ತೆಂದು ಕೇಳಬೇಡವೆ? ಕೇಳಿದರೂ ಉತ್ತರವೆಲ್ಲಿದೆ? ಉತ್ತರವಿದ್ದ ಪುಟವನ್ನೇ ಹರಿದು ಹಾಕಿದರಲ್ಲ!

ಮೇಷ್ಟ್ರು ಆ ಹಳ್ಳಿಯಲ್ಲೇ ತೀರಿಕೊಂಡರೆಂದು ಬಹಳ ವರ್ಷಗಳ ಮೇಲೆ ತಿಳಿಯಿತು. ಈಗ ನಮ್ಮ ಕಣವೂ ಇಲ್ಲ. ರಾಗಿಯನ್ನು ಡಾಂಬರು ರಸ್ತೆಗೆ ಹಾಸುತ್ತಾರೆ. ಚಪ್ಪಡಿ ಕಲ್ಲಿನ ಮೇಲೆ ಸೊಸೆ ಬಟ್ಟೆ ಒಗೆಯುತ್ತಾಳೆ.

ಪತ್ರಿಕೆಯನ್ನು ಮತ್ತೆ ಬಿಡಿಸಿದೆ. ಆ ಬರಹದ ಪಕ್ಕದ ಅಂಚಿನಲ್ಲಿ ಬರೆದೆ: 'ಮರ ಅಡ್ಡವಿತ್ತು.' ಕೆಳಗೆ, ಸಾಕ್ಷಿಯೆಂದು, ನನ್ನ ಸಹಿ ಹಾಕಿದೆ. ಅರವತ್ತು ವರ್ಷ ತಡವಾಗಿ.