ಮುಟ್ಟದೆ ತಂದ ಕಾಕಡದ ಗಿಡ

ರೈಲು ಸಣ್ಣ ಸ್ಟೇಷನ್ನಿನಲ್ಲಿ ನಿಂತಾಗ ಊರಿನ ಹೆಸರಿಗಿಂತ ಮೊದಲು ನನ್ನ ಕಣ್ಣು ಅಲ್ಲಿನ ಹೂವಿನ ಪಾತಿಗೆ ಹೋಗುತ್ತದೆ. ಈ ಅಭ್ಯಾಸ ಅಂಟಿದ್ದು ನಮ್ಮ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ, ಮಡಕಶಿರಾದ ತವರಿನಿಂದ ರಾಯದುರ್ಗದ ಗಂಡನ ಮನೆಗೆ ಹಿಂದಿರುಗಿದ ಒಂದು ಪ್ರಯಾಣದಲ್ಲಿ.

ಮದುವೆಯಾಗಿ ಮೂರು ವರ್ಷವಾಗಿತ್ತು. ರಾಯದುರ್ಗದ ಮನೆಯಲ್ಲಿ ಉಣ್ಣುವುದಕ್ಕೆ ಉಡುವುದಕ್ಕೆ ದೇವರು ಕಡಿಮೆ ಮಾಡಿರಲಿಲ್ಲ. ಮಾತಿಗೆ ಮಾತ್ರ ಯಾರೂ ಇರಲಿಲ್ಲ. ಗಂಡ ಬೆಳಿಗ್ಗೆ ಅಂಗಡಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಅತ್ತೆ ಕೆಟ್ಟವರಲ್ಲ, ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಎಂಟು ಎಮ್ಮೆಗೆ ಹೇಳುತ್ತಿದ್ದರು. ನನ್ನ ತವರಿನ ಮಾತು ಅಕ್ಕಪಕ್ಕದವರಿಗೆ ನಗೆಯಾಗಿತ್ತು, ಹಾಗಾಗಿ ನಾನೂ ಬಾಯಿ ಮುಚ್ಚಿಕೊಂಡಿದ್ದೆ.

ಆ ಸಲ ತವರಿಗೆ ಹೋದಾಗ ನಾನು ಹೊರಗಾಗದೆ ಎರಡು ತಿಂಗಳು ದಾಟಿತ್ತು. ಅಮ್ಮನಿಗೆ ಮಾತ್ರ ಹೇಳಿದೆ. ಹೊರಡುವ ದಿನ ಅವಳು ಬಚ್ಚಲ ಹಿಂದಿನ ಕಾಕಡದಿಂದ ಬೇರು ಬಿಟ್ಟ ಒಂದು ಕವಲನ್ನು ಬಿಡಿಸಿ, ಕುಡಿಕೆಯಲ್ಲಿ ಮಣ್ಣು ತುಂಬಿ ನೆಟ್ಟು ಕೊಟ್ಟಳು. “ಆ ಮನೇಲಿ ನಂದೂ ಅಂತ ಒಂದಿರ್ಲಿ. ಮೊದಲ್ನೇ ಹೂವ ದೇವ್ರಿಗೆ ಏರ್ಸು” ಅಂದಳು. ಆ ಗಿಡ ಬದುಕಿ ಮನೆ ಸೇರಬೇಕು, ನನಗೆ ಬೇಕಾಗಿದ್ದು ಅಷ್ಟೇ.

ಹಿಂದೂಪುರದಲ್ಲಿ ರೈಲು ಹತ್ತಿದೆವು. ಕರೆದೊಯ್ಯಲು ಬಂದಿದ್ದ ಮೈದುನ ಗಂಡಸರ ಡಬ್ಬಿಯಲ್ಲಿ, ನಾನು ಹೆಂಗಸರ ಡಬ್ಬಿಯಲ್ಲಿ. ಕಿಟಕಿಯ ಜಾಗ ಸಿಕ್ಕಿತು, ಸ್ವಾಮಿಯ ದಯೆ. ಕುಡಿಕೆ ಮಡಿಲಲ್ಲಿತ್ತು.

ಒಂದು ಸಣ್ಣ ಸ್ಟೇಷನ್ನಿನಲ್ಲಿ ಇಂಜಿನ್ನು ನೀರು ಕುಡಿಯಲು ನಿಂತಿತು. ಕೊಳಾಯಿಯಿಂದ ಸೋರಿದ ನೀರು ಕಾಲುವೆಯಾಗಿ ಹರಿದು ಹೂವಿನ ಪಾತಿ ಸೇರುತ್ತಿತ್ತು. ಸುತ್ತ ಬರೀ ಕಲ್ಲು, ಜಾಲಿ. ಅಲ್ಲಿ ಮಾತ್ರ ಚೆಂಡು ಹೂ, ಕನಕಾಂಬರ, ಕಂಬಿಬೇಲಿಗೆ ಒರಗಿ ಬೆಳ್ಳಗೆ ಕಾಕಡ. ಅಮ್ಮ ಹೂ ಕಟ್ಟುವುದು ಕಣ್ಣಿಗೆ ಬಂತು. ನನ್ನ ಜಡೆಗಾದರೆ ಕಾಲ ಹೆಬ್ಬೆರಳಿಗೆ ಬಾಳೆನಾರು ಸುತ್ತಿಕೊಳ್ಳುವಳು. ದೇವರಿಗಾದರೆ ಬರೀ ಕೈಯಲ್ಲೇ, ನಿಧಾನವಾಗಿ. ಬೇಗ ಕಟ್ಟಮ್ಮ ಎಂದು ನಾನು ಹಿಂದೆ ನಿಂತು ಕಾಡುತ್ತಿದ್ದೆ.

ರೈಲು ಹೊರಟ ಸ್ವಲ್ಪ ಹೊತ್ತಿಗೆ ಸೊಂಟ ಹಿಡಿದುಕೊಂಡಿತು. ಎದ್ದು ಹೋಗಿ ನೋಡಿದರೆ ಹೊರಗಾಗಿದ್ದೆ.

ಬಂದು ಕೂತೆ. ನಮ್ಮಲ್ಲಿ ಹೊರಗಾದವರು ಹೂವಿನ ಗಿಡ ಮುಟ್ಟುವುದಿಲ್ಲ. ಮುಟ್ಟಿದರೆ ಗಿಡ ಬಾಡುತ್ತದೆ, ಆ ಹೂ ದೇವರಿಗೂ ಆಗುವುದಿಲ್ಲ. ನಾನು ಅದನ್ನು ನಂಬಿದವಳು. ಏಳುವಾಗ ಬೆಂಚಿನ ಮೇಲಿಟ್ಟಿದ್ದ ಕುಡಿಕೆ ರೈಲಿನ ಕುಲುಕಾಟಕ್ಕೆ ಅಂಚಿಗೆ ಜಾರುತ್ತಿತ್ತು. ನೋಡುತ್ತಾ ಇದ್ದೆ, ಕೈ ಚಾಚಲಿಲ್ಲ. ಎದುರಿಗೆ ಕೂತಿದ್ದ ಮುದುಕಿ ಹಿಡಿದುಕೊಂಡಳು. ಗುಮ್ಮಘಟ್ಟದ ಕಡೆಯ ಕುರಿ ಸಾಕುವವರ ಮನೆಯವಳು.

“ಯಾಕವ್ವಾ, ಆಗಿಂದ ಕೂಸಿನಂಗ ಹಿಡ್ಕೊಂಡಿದ್ದಿ. ಈಗ ಬೀಳತಿದ್ರೂ ಸುಮ್ನ ಕುಂತಿ?”

“ಏನಿಲ್ಲ ಕಣಜ್ಜಿ.”

“ಏನಿಲ್ಲಂದ್ರ ಕಣ್ಣಾಗ ನೀರ್ಯಾಕ?”

ಹೇಳಿದೆ. ಗಂಡನ ಮನೆಯಲ್ಲಿ ಮೂರು ವರ್ಷ ಯಾರಿಗೂ ಹೇಳದಷ್ಟನ್ನು ಹೇಳಿದೆ. ಅವಳು ತನ್ನ ಚೊಂಬಿನಿಂದ ಗಿಡಕ್ಕೆ ನೀರು ಚಿಮುಕಿಸಿ, ಕುಡಿಕೆಯನ್ನು ಮಡಿಲಲ್ಲಿ ಇಟ್ಟುಕೊಂಡಳು.

“ನನಗ ಅದೆಲ್ಲ ನಿಂತು ಎಷ್ಟೋ ವರ್ಸ ಆತು. ನಾ ಹಿಡಿದ್ರ ಗಿಡಕ್ಕೇನೂ ಆಗಂಗಿಲ್ಲ. ನೀ ಇತ್ಲಾಗ ಸರದು ಕುಂದ್ರು. ರೈಲ್ನಾಗ ಮೈಲಿಗಿ ನೋಡಾಕ ಹೋದ್ರ ಕುಂದ್ರಾಕ ಜಾಗನ ಸಿಗಂಗಿಲ್ಲ.”

ಬಳ್ಳಾರಿಯಲ್ಲಿ ಗಾಡಿ ಬದಲಿಸುವಾಗ ಮೈದುನ ಕೇಳಿದ, “ಅತ್ತಿಗಿ, ಗಿಡ ಆ ಅಜ್ಜಿ ಕೈಯಾಗ ಯಾಕೈತ್ರಿ?”

“ನನಗ ಭಾಳ ಹಿಡಿಸೇತಪ್ಪ, ನಿಮ್ಮ ಮನಿ ಮುಟ್ಟೋತನಕ ನಾನ ಹೊರತೀನಿ. ನೀ ಗಂಟು ಹೊರು” ಅಂದಳು ಮುದುಕಿ.

ರಾಯದುರ್ಗದಲ್ಲಿ ಇಳಿದು ಮನೆಯವರೆಗೂ ನಡೆದು ಬಂದಳು. ಅತ್ತೆ ಬಾಗಿಲಿಗೆ ಬಂದರು. ಮುದುಕಿಯ ಕೈಯಲ್ಲಿ ಗಿಡ, ಹೊಸ್ತಿಲು ದಾಟದೆ ಅಂಗಳದಲ್ಲಿ ನಿಂತ ನಾನು. ನನ್ನಂತೆ ಅವರೂ ದಿನ ಎಣಿಸುತ್ತಿದ್ದರೆಂದು ಅವರ ಮುಖ ನೋಡಿದಾಗ ತಿಳಿಯಿತು.

“ಹಿತ್ತಲಾಗಿಂದ ಬಾ” ಅಂದರು, ಅಷ್ಟೇ. ಮುದುಕಿಗೆ ಮಜ್ಜಿಗೆ ಕೊಟ್ಟು ಕಳಿಸಿದರು.

ಮೂರು ದಿನ ನಾನು ಹಿತ್ತಲ ಜಗಲಿಯ ಮೇಲೆ ಕೂತೆ. ಅತ್ತೆ ತಾವೇ ಗುಂಡಿ ತೋಡಿ, ನನಗೆ ಕಾಣುವಂತೆ ಬಚ್ಚಲ ಪಕ್ಕ ಗಿಡ ನೆಟ್ಟರು. “ಇದಕ್ಕ ನೀರು ಎಷ್ಟು ಹಾಕ್ತಾಳ ನಿಮ್ಮವ್ವ?” ಎಂದು ಕೇಳಿದರು. ಅವರು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. “ಒಂದು ಚೊಂಬು ಸಾಕು ಅತ್ತೆ” ಅಂದೆ. ಹಾಕಿ ಒಳಗೆ ಹೋದರು. ಎಲೆ ಒಂದೊಂದೇ ಉದುರುವುದನ್ನು ನಾನೊಬ್ಬಳೇ ನೋಡುತ್ತಾ ಕೂತೆ. ಮೂರನೆಯ ದಿನದ ಸಂಜೆಗೆ ಕಡ್ಡಿಯಷ್ಟೇ ಉಳಿದಿತ್ತು.

ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಹೋಗಿ ಕಡ್ಡಿಯನ್ನು ಉಗುರಿನಿಂದ ಕೆರೆದು ನೋಡಿದೆ. ಒಳಗೆ ಹಸಿರಿತ್ತು.